ತೆಳು ಲ್ಯಾಪ್‌ಟಾಪ್‌ಗೆ 4ಕೆ ಮಾನಿಟರ್: ಬೈಯಬೇಕಾದ್ದು ನಡುವಿನ ಡಬ್ಬಿಯನ್ನು

"ನನ್ನ ಲ್ಯಾಪ್‌ಟಾಪ್ ತುಂಬಾ ತೆಳು, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. 4ಕೆ ಮಾನಿಟರ್ ಎಳೆಯುತ್ತಾ?" ಅಂತ ಯಾರಾದರೂ ಆನ್‌ಲೈನ್‌ನಲ್ಲಿ ಕೇಳಿದರೆ ಸಾಕು, ಕೆಳಗಿನ ಕಾಮೆಂಟ್‌ಗಳಲ್ಲಿ ಎರಡು ಪಕ್ಷ ಹುಟ್ಟಿಕೊಳ್ಳುತ್ತವೆ. ಒಂದು ಪಕ್ಷ "ಆಗಲ್ಲ, ಗೇಮಿಂಗ್ ಲ್ಯಾಪ್‌ಟಾಪ್ ತಗೊಳ್ಳಿ" ಅನ್ನುತ್ತದೆ, ಇನ್ನೊಂದು "ಆರಾಮಾಗಿ ಎಳೆಯುತ್ತೆ" ಅನ್ನುತ್ತದೆ. ಎಷ್ಟು ಹರ್ಟ್ಸ್‌ನಲ್ಲಿ, ಅಂದರೆ ಪರದೆಯ ಚಿತ್ರ ಸೆಕೆಂಡಿಗೆ ಎಷ್ಟು ಸಲ ಹೊಸದಾಗುತ್ತದೆ ಅಂತ ಮಾತ್ರ ಇಬ್ಬರೂ ಕೇಳುವುದಿಲ್ಲ.

30 ಹರ್ಟ್ಸ್‌ನಲ್ಲೂ 4ಕೆ ಚಿತ್ರ ಬರುತ್ತದೆ. ಫೋಟೊ ನೋಡಲು ಅಡ್ಡಿಯಿಲ್ಲ. ಆದರೆ ಮೌಸ್ ಅಲ್ಲಾಡಿಸಿದ ಕೂಡಲೇ ಗೊತ್ತಾಗುತ್ತದೆ: ಬಾಣ ಕೈಯ ಹಿಂದೆ ತಡವರಿಸಿಕೊಂಡು ಬರುತ್ತದೆ, ಪುಟ ಸ್ಕ್ರೋಲ್ ಮಾಡಿದರೆ ಅಕ್ಷರಗಳು ಕುಪ್ಪಳಿಸುತ್ತವೆ. ಆಗ ಜನ "ಪಾಪ, ತೆಳು ಲ್ಯಾಪ್‌ಟಾಪ್, ಶಕ್ತಿ ಸಾಲದು" ಅಂತ ತೀರ್ಮಾನಿಸಿಬಿಡುತ್ತಾರೆ. ಬಹುತೇಕ ಸಲ ಅದು ಸುಳ್ಳು.

ಲೆಕ್ಕ ನೋಡಿ. 4ಕೆ ಅಂದರೆ 3840×2160, ಸುಮಾರು 83 ಲಕ್ಷ ಪಿಕ್ಸೆಲ್. ಒಂದೊಂದಕ್ಕೆ 24 ಬಿಟ್, ಸೆಕೆಂಡಿಗೆ 60 ಸಲ. ಹತ್ತಿರ ಹತ್ತಿರ 12 ಗಿಗಾಬಿಟ್. ಸಾಲು ಸಾಲಿನ ನಡುವೆ ಬಿಡುವ ಖಾಲಿ ಸಮಯವನ್ನೂ ಸೇರಿಸಿದರೆ 12.5ರಿಂದ 12.8. ಮಾನಿಟರ್‌ಗೆ ಚಿತ್ರ ಒಯ್ಯುವ ಎಚ್‌ಡಿಎಂಐ ಸಂಪರ್ಕದ 1.4 ಆವೃತ್ತಿಯಲ್ಲಿ ನಿಜವಾಗಿ ಹರಿಯುವುದು 8 ಗಿಗಾಬಿಟ್ ಚಿಲ್ಲರೆ. ಹಾಗಾಗಿ ಅದು 30ಕ್ಕೇ ನಿಲ್ಲುತ್ತದೆ. 2013ರಲ್ಲಿ ಬಂದ ಎಚ್‌ಡಿಎಂಐ 2.0ರಲ್ಲಿ 14.4 ಹರಿಯುತ್ತದೆ, 60 ಸಲೀಸು. ಅಂಥದೇ ಇನ್ನೊಂದು ಸಂಪರ್ಕ ಡಿಸ್‌ಪ್ಲೇಪೋರ್ಟ್; ಅದರ ನಾಲ್ಕೂ ಲೇನ್ (ಮಾಹಿತಿ ಹರಿಯುವ ತಂತಿಜೋಡಿ) ಬಳಸಿದರೆ 1.2 ಆವೃತ್ತಿಯಲ್ಲಿ 17.28. ಇಂಟೆಲ್ ಯುಎಚ್‌ಡಿ 620ರಂಥ ಸಾಧಾರಣ ಗ್ರಾಫಿಕ್ಸ್ ಚಿಪ್ ಕೂಡ ಡಿಸ್‌ಪ್ಲೇಪೋರ್ಟ್ ಮೂಲಕ 4ಕೆ 60 ಕೊಡುತ್ತದೆ. ಆದರೆ ಅದೇ ಚಿಪ್ ಇರುವ ಎಷ್ಟೋ ಲ್ಯಾಪ್‌ಟಾಪ್‌ಗಳ ಪಕ್ಕದಲ್ಲಿರುವ ಎಚ್‌ಡಿಎಂಐ ತೂತು 1.4ರದ್ದು.

ದಪ್ಪಕ್ಕೂ ಇದಕ್ಕೂ ಸಂಬಂಧವಿಲ್ಲ ಎನ್ನಲು ಆ್ಯಪಲ್‌ನ 12 ಇಂಚಿನ ಮ್ಯಾಕ್‌ಬುಕ್ ಸಾಕು. ಫ್ಯಾನೇ ಇಲ್ಲದ ಯಂತ್ರ. 2015ರ ಮಾದರಿಗೆ 4ಕೆ 30 ಹರ್ಟ್ಸ್ ಮಾತ್ರ, 2017ರ ಮಾದರಿಗೆ 60. ಮೈಕಟ್ಟು ಅದೇ, ಒಳಗಿನ ಚಿಪ್ ಬೇರೆ.

ಈಗ ನಡುವಿನ ಡಬ್ಬಿಗೆ, ಅಂದರೆ ಒಂದು ಪೋರ್ಟನ್ನು ಹಲವು ಮಾಡುವ ಹಬ್‌ಗೆ ಬರೋಣ. ಆನ್‌ಲೈನ್‌ನಲ್ಲಾಗಲಿ, ಬೆಂಗಳೂರಿನ ಎಸ್‌ಪಿ ರೋಡಿನ ಅಂಗಡಿಗಳಲ್ಲಾಗಲಿ ಸಿಗುವ ಅಗ್ಗದ ಯುಎಸ್‌ಬಿ-ಸಿ ಹಬ್‌ಗಳ ಮೇಲೆ "4ಕೆ" ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಪಕ್ಕದಲ್ಲಿ ಸಣ್ಣಕ್ಷರದಲ್ಲಿ 30 ಹರ್ಟ್ಸ್ ಅಂತ ಇರುತ್ತದೆ, ಅಥವಾ ಏನೂ ಇರುವುದಿಲ್ಲ. ಏನೂ ಇಲ್ಲದಿದ್ದರೆ 30 ಎಂದೇ ಓದಿಕೊಳ್ಳಿ.

ಹಬ್ ಯಾಕೆ ಹೀಗೆ ಎಡವುತ್ತದೆ? ಯುಎಸ್‌ಬಿ-ಸಿ ಪೋರ್ಟಿನಲ್ಲಿ ವೇಗದ ಲೇನ್ ಇರುವುದು ನಾಲ್ಕು. ಬರೀ ಮಾನಿಟರ್ ಸಿಕ್ಕಿಸಿದರೆ ನಾಲ್ಕೂ ಚಿತ್ರಕ್ಕೆ. ಹಬ್‌ನಲ್ಲಿ ಯುಎಸ್‌ಬಿ 3 ಪೋರ್ಟ್‌ಗಳೂ ಇದ್ದರೆ ಎರಡು ಲೇನ್ ಅವುಗಳ ಪಾಲು, ಚಿತ್ರಕ್ಕೆ ಉಳಿಯುವುದು ಎರಡೇ. ಡಿಸ್‌ಪ್ಲೇಪೋರ್ಟ್ 1.2ರ ಎರಡು ಲೇನ್ ಅಂದರೆ 8.64 ಗಿಗಾಬಿಟ್, ಅಂದರೆ ಮತ್ತೆ 30 ಹರ್ಟ್ಸ್. ಡಿಸ್‌ಪ್ಲೇಪೋರ್ಟ್ 1.4ರ ಎರಡು ಲೇನ್ ಆದರೆ 12.96. ಮೇಲಿನ 12.8ಕ್ಕೆ ಹೋಲಿಸಿ ನೋಡಿ, ಕೂದಲೆಳೆಯಲ್ಲಿ ಪಾಸು. ಆದರೆ ಲ್ಯಾಪ್‌ಟಾಪ್ ಮತ್ತು ಹಬ್ ಎರಡೂ 1.4 ಆಗಿರಬೇಕು. ಇಂಟೆಲ್ ಹನ್ನೊಂದನೇ ತಲೆಮಾರಿನಿಂದ ಈಚಿನ ಲ್ಯಾಪ್‌ಟಾಪ್‌ಗಳು ಸರಿ, ಎಂಟನೇ ತಲೆಮಾರಿನವು ಅಲ್ಲ. ಒಂದೇ ಹಬ್ ಗೆಳೆಯನ ಲ್ಯಾಪ್‌ಟಾಪ್‌ನಲ್ಲಿ 60 ಕೊಟ್ಟು ನಿಮ್ಮದರಲ್ಲಿ 30 ಕೊಡುವುದರ ಗುಟ್ಟು ಇದೇ.

ಆದ್ದರಿಂದ ನನ್ನ ಅಭಿಪ್ರಾಯ ನೇರವಾಗಿ: ಮಾನಿಟರ್‌ಗೆ ಹಬ್ ಬೇಡ. ಒಂದು ತುದಿ ಯುಎಸ್‌ಬಿ-ಸಿ, ಇನ್ನೊಂದು ತುದಿ ಡಿಸ್‌ಪ್ಲೇಪೋರ್ಟ್ ಇರುವ ಒಂದೇ ಕೇಬಲ್ ತಗೊಳ್ಳಿ. ನಾಲ್ಕೂ ಲೇನ್ ಚಿತ್ರಕ್ಕೇ ಸಿಗುತ್ತವೆ, ಯುಎಚ್‌ಡಿ 620ರಂಥ ಹಳೆಯ ಚಿಪ್ ಕೂಡ 60 ಮುಟ್ಟುತ್ತದೆ. ಕೀಬೋರ್ಡು, ಪೆನ್‌ಡ್ರೈವ್‌ಗಳಿಗೆ ಇನ್ನೊಂದು ಪೋರ್ಟು.

ಕೊಳ್ಳುವ ಮೊದಲು ಲ್ಯಾಪ್‌ಟಾಪ್‌ನ ಯುಎಸ್‌ಬಿ-ಸಿ ತೂತಿನಿಂದ ಚಿತ್ರ ಹೊರಬರುತ್ತದೋ ಇಲ್ಲವೋ ನೋಡಿಕೊಳ್ಳಿ. ಪಕ್ಕದಲ್ಲಿ ಮಿಂಚಿನ ಗುರುತಿನ ಥಂಡರ್‌ಬೋಲ್ಟ್ ಅಥವಾ ಡಿಸ್‌ಪ್ಲೇಪೋರ್ಟ್‌ನ ಗುರುತಿದ್ದರೆ ಬರುತ್ತದೆ. ಯಾವ ಗುರುತೂ ಇಲ್ಲದಿದ್ದರೆ ತಯಾರಕರ ಜಾಲತಾಣದಲ್ಲಿ ನಿಮ್ಮದೇ ಮಾದರಿ ಸಂಖ್ಯೆ ಹಾಕಿ ಓದಿ, ಅಂಗಡಿಯವರ ಬಾಯಿಮಾತು ಸಾಲದು. ಇನ್ನು ಫೋನ್ ಜೊತೆ ಬಂದ ಚಾರ್ಜಿಂಗ್ ಕೇಬಲ್. ಅಂಥ ಹೆಚ್ಚಿನವುಗಳಲ್ಲಿ ವೇಗದ ತಂತಿಗಳೇ ಇರುವುದಿಲ್ಲ. ಅದನ್ನು ಯುಎಸ್‌ಬಿ-ಸಿ ಮಾನಿಟರ್‌ಗೆ ಸಿಕ್ಕಿಸಿದರೆ ಚಾರ್ಜ್ ಆಗುತ್ತದೆ, ಪರದೆ ಕಪ್ಪಾಗಿಯೇ ಇರುತ್ತದೆ.

ಸಿಕ್ಕಿಸಿದ ಮೇಲೆ ಪರೀಕ್ಷೆ. ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇ. ಅಲ್ಲಿ ಹೊರಗಿನ ಮಾನಿಟರ್ ಆರಿಸಿ ರಿಫ್ರೆಶ್ ರೇಟ್ ನೋಡಿ. 30 ಇದ್ದರೆ ಪಟ್ಟಿ ತೆರೆದು 60 ಇದೆಯೇ ಹುಡುಕಿ. ಇಲ್ಲದಿದ್ದರೆ ಮಾನಿಟರ್‌ನ ಸ್ವಂತ ಮೆನುಗೆ ಹೋಗಿ. ಕೆಲವು ಮಾನಿಟರ್‌ಗಳಲ್ಲಿ ಎಚ್‌ಡಿಎಂಐ ಅಥವಾ ಡಿಸ್‌ಪ್ಲೇಪೋರ್ಟ್ ಆವೃತ್ತಿ ಆರಿಸುವ ಜಾಗವಿದೆ, ಹಳೆಯ ಆವೃತ್ತಿಗೆ ಇಟ್ಟಿರುತ್ತಾರೆ. ಯುಎಸ್‌ಬಿ-ಸಿ ಮಾನಿಟರ್‌ಗಳಲ್ಲಿ "ಯುಎಸ್‌ಬಿ ವೇಗ ಬೇಕೋ, ಹೆಚ್ಚು ರೆಸಲ್ಯೂಶನ್ ಬೇಕೋ" ಎಂಬ ಆಯ್ಕೆಯೂ ಇರುವುದುಂಟು. ಅದು ಮೇಲೆ ಹೇಳಿದ ಲೇನ್ ಹಂಚಿಕೆಯೇ.

60 ಕಂಡ ಕೂಡಲೇ ಖುಷಿಪಡಬೇಡಿ, ಅದೇ ಪುಟದಲ್ಲಿ ಬಣ್ಣದ ಫಾರ್ಮ್ಯಾಟ್ ಕೂಡ ಇರುತ್ತದೆ. ಆರ್‌ಜಿಬಿ ಅಥವಾ 4:4:4 ಇರಬೇಕು, ಅಂದರೆ ಪ್ರತಿ ಪಿಕ್ಸೆಲ್‌ಗೂ ಅದರದೇ ಬಣ್ಣದ ಮಾಹಿತಿ. ಕೆಲವು ಸಾಧನಗಳು ಕಡಿಮೆ ಹರಿವಿನಲ್ಲೇ 60 ತೋರಿಸಲು 4:2:0ಕ್ಕೆ ಇಳಿಯುತ್ತವೆ, ಅಂದರೆ ನಾಲ್ಕು ಪಿಕ್ಸೆಲ್‌ಗೆ ಒಂದೇ ಬಣ್ಣದ ಮಾಹಿತಿ. ಸಿನಿಮಾದಲ್ಲಿ ಕಾಣುವುದಿಲ್ಲ, ಅಕ್ಷರದಲ್ಲಿ ಕಾಣುತ್ತದೆ. ಕಪ್ಪು ಹಿನ್ನೆಲೆಯ ಮೇಲೆ ಕೆಂಪು ಬಣ್ಣದಲ್ಲಿ, 11 ಪಾಯಿಂಟ್‌ನಲ್ಲಿ "ರಾಷ್ಟ್ರ", "ಸ್ತ್ರೀ", "ವೈಶಿಷ್ಟ್ಯ" ಅಂತ ಟೈಪ್ ಮಾಡಿ ನೋಡಿ. ಮೇಲಿನ ಅಕ್ಷರ ಹೇಗೋ ಓದಬಹುದು, ಕೆಳಗಿನ ಒತ್ತುಗಳು ಕದಡಿ ಒಂದಕ್ಕೊಂದು ಅಂಟಿಕೊಂಡಿದ್ದರೆ ಫಾರ್ಮ್ಯಾಟ್ ಸರಿಯಿಲ್ಲ. ದಿನವಿಡೀ ಕನ್ನಡ ಓದಿ ಬರೆಯುವವರಿಗೆ 4ಕೆ ಬೇಕು ಅಂತ ನಾನು ವಾದಿಸುವುದೂ ಇದೇ ಕಾರಣಕ್ಕೆ. 24 ಇಂಚಿನ ಫುಲ್ ಎಚ್‌ಡಿಯಲ್ಲಿ ಇಂಚಿಗೆ 92 ಪಿಕ್ಸೆಲ್, 27 ಇಂಚಿನ 4ಕೆಯಲ್ಲಿ 163. ಇಂಗ್ಲಿಷ್ ಓದುವವರಿಗೆ ಅದು ಸೌಕರ್ಯ, ಒತ್ತಕ್ಷರ ಓದುವ ನಮಗೆ ಅಗತ್ಯ.

ಹಾಗಾದರೆ ಲ್ಯಾಪ್‌ಟಾಪ್‌ನಿಂದ ತೊಂದರೆಯೇ ಇಲ್ಲವೇ? ಇದೆ, ಮೆಮೊರಿಯದ್ದು. ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ರ್‍ಯಾಮ್‌ನಿಂದಲೇ ಪಾಲು ತೆಗೆದುಕೊಳ್ಳುತ್ತದೆ. ಒಂದೇ 8 ಜಿಬಿ ರ್‍ಯಾಮ್ ಕಡ್ಡಿ ಇದ್ದರೆ ಮೆಮೊರಿಯ ಮಾಹಿತಿ ಹರಿಯುವ ದಾರಿ ಅರ್ಧಕ್ಕೆ ಇಳಿಯುತ್ತದೆ. ಇಂಟೆಲ್ ಐರಿಸ್ ಎಕ್ಸ್‌ಇ ಅಂತ ಹೇಳಿ ಮಾರಿದ ಲ್ಯಾಪ್‌ಟಾಪ್‌ನಲ್ಲಿ ಒಂದೇ ಕಡ್ಡಿ ಇದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಬರೀ "ಯುಎಚ್‌ಡಿ ಗ್ರಾಫಿಕ್ಸ್" ಅಂತ ಹೆಸರು ಕಾಣುತ್ತದೆ. ಖಾಲಿ ಸ್ಲಾಟ್ ಇದ್ದರೆ ಅಷ್ಟೇ ಗಾತ್ರದ ಇನ್ನೊಂದು ಕಡ್ಡಿ ಹಾಕಿ. 4ಕೆಯಲ್ಲಿ ಕಿಟಕಿಗಳನ್ನು ಸರಿಸುವಾಗ ಆಗುವ ತಡವರಿಕೆಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ. ಯೂಟ್ಯೂಬ್‌ನ 4ಕೆ ವಿಡಿಯೊ ಬರುವುದು ವಿಪಿ9 ಅಥವಾ ಎವಿ1 ಎಂಬ ಕುಗ್ಗಿಸಿದ ರೂಪದಲ್ಲಿ. ಇಂಟೆಲ್ ಏಳನೇ ತಲೆಮಾರಿನಿಂದ ವಿಪಿ9ಕ್ಕೂ ಹನ್ನೊಂದರಿಂದ ಎವಿ1ಕ್ಕೂ ಅದನ್ನು ಬಿಡಿಸುವ ಹಾರ್ಡ್‌ವೇರ್ ಚಿಪ್‌ನಲ್ಲೇ ಇದೆ. ಏಳನೆಯದಕ್ಕಿಂತ ಹಳೆಯದಾದರೆ ಫ್ಯಾನ್ ಕಿರುಚುವುದು ಗ್ಯಾರಂಟಿ. ಆಟ? 4ಕೆಯಲ್ಲಿ ಆಟದ ಆಸೆ ಈ ಲ್ಯಾಪ್‌ಟಾಪ್‌ಗಳಲ್ಲಿ ಬಿಟ್ಟುಬಿಡಿ.

ಎರಡು ಮಾನಿಟರ್ ಬೇಕೆನ್ನುವ ಮ್ಯಾಕ್‌ಬುಕ್ ಏರ್‌ನವರು ಇದನ್ನು ಓದಿ: ಎಂ1, ಎಂ2 ಚಿಪ್‌ನ ಏರ್‌ಗಳು 6ಕೆ ಪರದೆಯನ್ನೂ 60ರಲ್ಲಿ ನಡೆಸುತ್ತವೆ, ಆದರೆ ಒಂದೇ ಒಂದು. ಎಂ3ಯಲ್ಲಿ ಮುಚ್ಚಳ ಮುಚ್ಚಿದರೆ ಎರಡು, ಎಂ4ರಲ್ಲಿ ತೆರೆದಿದ್ದರೂ ಎರಡು. ಹಳೆಯದಕ್ಕೆ ಎರಡನೆಯದು ಬೇಕೇ ಬೇಕೆಂದರೆ ಡಿಸ್‌ಪ್ಲೇಲಿಂಕ್ ಚಿಪ್ ಇರುವ ಡಾಕ್ (ಹಬ್‌ನಂಥದೇ ಡಬ್ಬಿ) ಇದೆ. ಅದು ಪರದೆಯನ್ನು ಸಾಫ್ಟ್‌ವೇರ್‌ನಿಂದ ಕುಗ್ಗಿಸಿ ಯುಎಸ್‌ಬಿಯಲ್ಲಿ ಕಳಿಸುತ್ತದೆ. ಎಕ್ಸೆಲ್‌ಗೆ, ಇಮೇಲ್‌ಗೆ ಸಾಕು. ಕಾಪಿ ರಕ್ಷಣೆ ಇರುವ ಒಟಿಟಿ ಸಿನಿಮಾ ಹಾಕಿದರೆ ಕಪ್ಪು ಚೌಕ ಕಾಣಬಹುದು.

ಎಲ್ಲ ನೋಡಿದ ಮೇಲೂ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಎಚ್‌ಡಿಎಂಐ 1.4 ಬಿಟ್ಟು ಬೇರೆ ದಾರಿಯಿಲ್ಲ ಅಂತಾದರೆ 4ಕೆಗೆ ದುಡ್ಡು ಸುರಿಯಬೇಡಿ. 27 ಇಂಚಿನ 2560×1440 ಮಾನಿಟರ್ ತಗೊಳ್ಳಿ. ಅದಕ್ಕೆ 60 ಹರ್ಟ್ಸ್‌ನಲ್ಲಿ 6 ಗಿಗಾಬಿಟ್‌ಗಿಂತ ಕಡಿಮೆ ಸಾಕು, ಅದೇ ಹಳೆಯ ತೂತಿನಲ್ಲಿ ಹಿಡಿಸುತ್ತದೆ. ಮಾನಿಟರ್‌ನ ಎಚ್‌ಡಿಎಂಐ ಪೋರ್ಟ್ ಕೂಡ ಅಷ್ಟನ್ನು 60ರಲ್ಲಿ ಒಪ್ಪುತ್ತದೆಯೇ ಅಂತ ಮ್ಯಾನುಯಲ್‌ನಲ್ಲಿ ನೋಡಿಕೊಂಡು ಆಮೇಲೆ ಆರ್ಡರ್ ಮಾಡಿ.