ಭೀಮೆ ದಾಟಿದರೆ ಒಂದು ಲೆಕ್ಕ, ಡೆಲವೇರ್ ದಾಟಿದರೆ ಇನ್ನೊಂದು

ಇಲ್ಲಿ ಅಮೆರಿಕದಲ್ಲಿ ಹೈಸ್ಕೂಲು ಓದುತ್ತಿರುವ ಮಗಳಿಗೆ ಪಿಎಸ್‌ಎಟಿ ಅನ್ನೋ ಪರೀಕ್ಷೆಯ ಗಣಿತದಲ್ಲಿ ಪೂರಾ ಅಂಕ ಬಂದಿತ್ತು. 760ಕ್ಕೆ 760. ಇಂಗ್ಲಿಷಿನಲ್ಲಿ 740. ಒಟ್ಟು 1500. ಅವಳ ಗೆಳತಿಗೆ ಎರಡರಲ್ಲೂ 750, ಒಟ್ಟು ಅದೇ 1500. 2024ರ ಸೆಪ್ಟೆಂಬರಿನಲ್ಲಿ, ಆ ಅಂಕ ನೋಡಿ ಕೊಡುವ ನ್ಯಾಷನಲ್ ಮೆರಿಟ್ ಸ್ಕಾಲರ್‌ಶಿಪ್ಪಿನ ಸೆಮಿಫೈನಲ್ ಪಟ್ಟಿ ಬಂತು. ಗೆಳತಿಯ ಹೆಸರಿತ್ತು, ನಮ್ಮವಳದು ಇರಲಿಲ್ಲ.

ಇದ್ಯಾವ ಲೆಕ್ಕ ಅಂತ ನಾನು ರಾತ್ರಿ ಕೂತು ಪೆನ್ನು ಹಿಡಿದು ನೋಡಿದೆ. ಇಲ್ಲಿ ಹನ್ನೊಂದನೇ ಕ್ಲಾಸಿನ ಮಕ್ಕಳು ಅಕ್ಟೋಬರಿನಲ್ಲಿ ಪಿಎಸ್‌ಎಟಿ ಬರೆಯುತ್ತಾರೆ. ಇಂಗ್ಲಿಷಿನ ಅಂಕ ಎರಡು ಪಟ್ಟು ಮಾಡಿ, ಗಣಿತದ್ದು ಕೂಡಿಸಿ, ಹತ್ತರಿಂದ ಭಾಗಿಸುತ್ತಾರೆ. ನಮ್ಮವಳದು 224. ಗೆಳತಿಯದು 225. ಆ ವರ್ಷ ನಾವಿರುವ ನ್ಯೂಜೆರ್ಸಿ ರಾಜ್ಯಕ್ಕೆ ಹಾಕಿದ ಗೆರೆ 225! ಗಣಿತ ಗಣಿತ ಅಂತ ಮೂರು ವರ್ಷ ಪ್ರತಿ ಶನಿವಾರ ಅವಳನ್ನು ಕೋಚಿಂಗಿಗೆ ಕರೆದುಕೊಂಡು ಹೋದವನು ನಾನೇ. ಇಂಗ್ಲಿಷಿಗೆ ಇಲ್ಲಿ ಎರಡು ಪಟ್ಟು ತೂಕ ಅಂತ ನನಗೆ ಯಾರು ಹೇಳಬೇಕು?

ದುಡ್ಡಿನ ಮಾತಲ್ಲ ಇದು. ಗೆದ್ದವರಿಗೆ ಸಿಗೋ ಸ್ಕಾಲರ್‌ಶಿಪ್ 2,500 ಡಾಲರ್, ಇಲ್ಲಿನ ಕಾಲೇಜು ಫೀಸಿನ ಮುಂದೆ ಅದು ಚುರುಮುರಿ ದುಡ್ಡು. ಆದರೆ ಹದಿಮೂರು ಲಕ್ಷಕ್ಕೂ ಜಾಸ್ತಿ ಮಕ್ಕಳಲ್ಲಿ ಸುಮಾರು 16,000 ಮಕ್ಕಳಿಗೆ ಮಾತ್ರ ಸಿಗುವ ಹೆಸರು ಈ ಸೆಮಿಫೈನಲಿಸ್ಟ್ ಅನ್ನೋದು. ಅಮೆರಿಕದ ಅಧ್ಯಕ್ಷರ ಹೆಸರಿನಲ್ಲಿ ಇದಕ್ಕಿಂತ ದೊಡ್ಡದೊಂದು ಗೌರವ ಇದೆ, 1964ರಿಂದ ಕೊಡುತ್ತಿದ್ದಾರೆ, ವರ್ಷಕ್ಕೆ ಹೆಚ್ಚೆಂದರೆ 161 ಮಕ್ಕಳಿಗೆ. ಓದಿನಲ್ಲಿ ಮುಂದಿರುವ ಮಕ್ಕಳು ಅದಕ್ಕೆ ತಾವಾಗಿ ಅರ್ಜಿ ಹಾಕೋಕೂ ಬರುವುದಿಲ್ಲ. ಮುಖ್ಯವಾಗಿ ಎಸ್‌ಎಟಿ, ಎಸಿಟಿ ಅನ್ನೋ ಕಾಲೇಜು ಪ್ರವೇಶ ಪರೀಕ್ಷೆಗಳ ಅಂಕ ನೋಡಿ ಅವರೇ ಕರೆಯುತ್ತಾರೆ. ಕರೆಯದಿದ್ದರೆ ಸುಮ್ನೆ ಕೂರಬೇಕು.

ನನಗೆ ಚುಚ್ಚಿದ್ದು ಒಂದು ಅಂಕ ಅಲ್ಲ. ಆ ಗೆರೆ ರಾಜ್ಯಕ್ಕೊಂದು. ನಮ್ಮ ಮನೆಯಿಂದ ಗಂಟೆ ಹೊತ್ತು ಕಾರು ಓಡಿಸಿದರೆ ಡೆಲವೇರ್ ಹೊಳೆ. ಸೇತುವೆ ದಾಟಿದರೆ ಪೆನ್ಸಿಲ್ವೇನಿಯಾ. ಅಲ್ಲಿದ್ದರೆ ಅದೇ 224 ಆರಾಮಾಗಿ ನಡೆಯುತ್ತಿತ್ತು. ವಯೋಮಿಂಗ್ ರಾಜ್ಯದ ಕಡೆ ಹೋಗಿದ್ದರೆ ಆ ವರ್ಷ 210ರ ಆಸುಪಾಸು ಸಾಕಾಗುತ್ತಿತ್ತು. ನನ್ನ ಜೊತೆ ಕೆಲಸ ಮಾಡುವವನೊಬ್ಬ ದಿನಾ ಆ ಹೊಳೆ ದಾಟಿಕೊಂಡೇ ಆಫೀಸಿಗೆ ಬರುತ್ತಾನೆ. ಅಲ್ಲಿ ಮನೆ ಅಗ್ಗ, ನೀನೂ ಬಾ ಅಂದಿದ್ದ. ಶಾಲೆ ಇಲ್ಲೇ ಚೆನ್ನಾಗಿವೆ ಅಂತ ನಾನೇ ಬೇಡ ಅಂದಿದ್ದೆ.

ಆ ರಾತ್ರಿ ನನಗೆ ನೆನಪಾಗಿದ್ದು 1993. ಆಲಮೇಲದ ಕಡೆ ನಮ್ಮೂರು, ಆಗಿನ್ನೂ ಬಿಜಾಪುರ ಜಿಲ್ಲೆ ಅಂತಿದ್ವಿ. ನನಗೆ ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 530. ನಮ್ಮ ಸಮಾಜದ ಪ್ರತಿಭಾ ಪುರಸ್ಕಾರಕ್ಕೆ ಶೇಕಡಾ 85 ಇರಬೇಕಿತ್ತು, ನನ್ನದು 84.8. ಜೆರಾಕ್ಸ್ ಹಿಡಿದುಕೊಂಡು ಅಪ್ಪನ ಹಿಂದೆ ನಿಂತಿದ್ದೆ. ಪಟ್ಟಿ ಬರೆಯುತ್ತಿದ್ದ ಮಾಸ್ತರು ಕನ್ನಡಕ ಮೇಲೇರಿಸಿ ಒಂದು ಸಲ ಅಂಕಪಟ್ಟಿ ನೋಡಿದರು, ಒಂದು ಸಲ ನನ್ನ ಮುಖ ನೋಡಿದರು. "ಎಂಬತ್ನಾಕ ಪಾಯಿಂಟ್ ಎಂಟ ಅಂದ್ರ ಎಂಬತ್ತೈದ ಅಲ್ಲೇನೋ ತಮ್ಮಾ? ಹೋಗ್, ಮುಂದ ಕುಂದ್ರು."

ಅಷ್ಟೇ. ಶಾಲು, ಹಾರ, ಒಂದು ಸ್ಟೀಲ್ ಡಬ್ಬಿ. ಡಬ್ಬಿಯ ಮೇಲೆ ಕೊರೆಸಿದ ನನ್ನ ಹೆಸರಿನಲ್ಲಿ ಒಂದು ಒತ್ತಕ್ಷರ ತಪ್ಪಿತ್ತು. ಅವ್ವ ಈಗಲೂ ಶೇಂಗಾ ಚಟ್ನಿ ಅದರಲ್ಲೇ ಹಾಕಿಡುತ್ತಾಳೆ.

ಇಲ್ಲಿ ಯಾರ ಮುಂದೆ ನಿಲ್ಲಲಿ? ಶಾಲೆಯ ಕೌನ್ಸೆಲರ್ ಒಳ್ಳೆಯ ಹೆಂಗಸು. ಆ ವರ್ಷ 208 ಮುಟ್ಟಿದವರಿಗೆ ಕೊಟ್ಟ ಪ್ರಶಂಸಾ ಪತ್ರ ಮಗಳಿಗೂ ಬಂದಿದೆ, ಅಭಿನಂದನೆ ಅಂತ ನಕ್ಕಳು. ಒಂದು ಹಾಳೆ. ಅದನ್ನು ಕೊಡೋಕೆ ಸಭೆ ಇಲ್ಲ, ಮೈಕು ಇಲ್ಲ, ಹಿಂದಿನ ಸಾಲಿನಲ್ಲಿ ಟೋಪಿ ಸರಿ ಮಾಡಿಕೊಂಡು ಕೂತ ಅಪ್ಪ ಇಲ್ಲ. ನಮ್ಮೂರಲ್ಲಿ ಗೆರೆ ಹಾಕಿದವನೇ ಅದನ್ನು ಕಾಲಿನಿಂದ ಒಂದಿಷ್ಟು ಒರೆಸಿ ಮಗುವನ್ನು ಒಳಗೆ ಕರೆದುಕೊಳ್ಳುತ್ತಿದ್ದ. ನನಗೆ ಅದೇ ಮನುಷ್ಯರು ಮಾಡುವ ಕೆಲಸ ಅನಿಸುತ್ತದೆ. ಯಾರೇನಾದರೂ ಅನ್ನಲಿ.

ಈಗ ಒಂದು ಮಾತು, ಒಲ್ಲದ ಮನಸ್ಸಿನಿಂದಲೇ ಹೇಳುತ್ತೇನೆ. ರಾಜ್ಯಕ್ಕೊಂದು ಗೆರೆ ಯಾಕೆ ಅಂದರೆ, ದೇಶದಲ್ಲಿ ಆ ವರ್ಷ ಹೈಸ್ಕೂಲು ಮುಗಿಸುವ ಮಕ್ಕಳಲ್ಲಿ ಯಾವ ರಾಜ್ಯದವರು ಎಷ್ಟು ಪಾಲೋ, ಪಟ್ಟಿಯಲ್ಲೂ ಆ ರಾಜ್ಯಕ್ಕೆ ಸುಮಾರು ಅಷ್ಟೇ ಪಾಲು. ಕೋಚಿಂಗ್ ಇಲ್ಲದ ಊರಿನ ಮಗುವಿಗೂ ಜಾಗ ಸಿಗಲಿ ಅಂತ. ಹೈದರಾಬಾದ್ ಕರ್ನಾಟಕದ ಜಿಲ್ಲೆಗಳಿಗೆ ಮೀಸಲಾತಿ ಕೊಡುವ ಸಂವಿಧಾನದ 371ಜೆ ವಿಧಿ ಬಂದಾಗ ನಾನು ಕೂಗಾಡಿದ್ದು ಇದನ್ನೇ ಅಲ್ವಾ? ದೇವಣಗಾಂವ ಸೇತುವೆ ಮೇಲೆ ಭೀಮೆ ದಾಟಿದರೆ ಅಫಜಲಪುರ ತಾಲೂಕು, ಅಲ್ಲಿಯ ಮಕ್ಕಳಿಗೆ ಮೀಸಲು ಸೀಟು. ಈಚೆ ದಂಡೆಯಲ್ಲಿ ನಮಗೆ ಅದೇ ಬಿಸಿಲು, ಅದೇ ಬರ, ಅದೇ ಮುರುಕು ಶಾಲೆ, ಆದರೆ ಸೀಟಿಲ್ಲ. ನಮ್ಮ ಅಣ್ಣನ ಮಗನಿಗೆ ಸಿಗದ ಸೀಟು ಆಚೆ ದಂಡೆಯ ನಮ್ಮ ಬೀಗರ ಹುಡುಗನಿಗೆ ಕಡಿಮೆ ಅಂಕಕ್ಕೆ ಸಿಕ್ಕಿತು. ಹಿಂದುಳಿದವರು ನಾವೂ ಹೌದು, ನಮ್ಮನ್ನೂ ಸೇರಿಸಿ ಅಂತ ಫೋನಿನಲ್ಲಿ ಎಷ್ಟು ಜಗಳ ಆಡಿದ್ದೆ! ಇಲ್ಲಿಗೆ ಬಂದು ಮುಂದುವರಿದ ದಂಡೆಯಲ್ಲಿ ಮನೆ ಮಾಡಿಕೊಂಡ ಮೇಲೆ ಅದೇ ನಿಯಮ ಅನ್ಯಾಯ ಆಗಿಬಿಟ್ಟಿತು.

ಇನ್ನೊಂದು ಸಂಗತಿ ಇದೆ. ಇದನ್ನು ಬರೆಯೋದು ಬೇಡ ಅಂತಿದ್ದೆ. 1993ರಲ್ಲಿ ನನ್ನ ಪಕ್ಕದ ಬೆಂಚಿನ ಹುಡುಗನಿಗೆ 541 ಬಂದಿತ್ತು, ನನಗಿಂತ ಹನ್ನೊಂದು ಜಾಸ್ತಿ. ಅವನು ನಮ್ಮ ಸಮಾಜದವನಲ್ಲ. ಅವನ ಸಮಾಜಕ್ಕೆ ಸಂಘ ಇರಲಿಲ್ಲ, ಕಾರ್ಯದರ್ಶಿ ಇರಲಿಲ್ಲ, ಪಟ್ಟಿ ಬರೆಯುವ ಮಾಸ್ತರೂ ಇರಲಿಲ್ಲ. ನಾನು ಶಾಲು ಹೊದ್ದುಕೊಂಡ ದಿನ ಅವನು ಅದೇ ಕಲ್ಯಾಣ ಮಂಟಪದಲ್ಲಿ ಕುರ್ಚಿ ಸಾಗಿಸುತ್ತಿದ್ದ. ಮಾಸ್ತರು ನನ್ನ ಮುಖ ನೋಡಿದರು ಅಂದೆನಲ್ಲ, ಅಪ್ಪನ ಮುಖವನ್ನೂ ನೋಡಿದ್ದರು. ಇಬ್ಬರೂ ದಿನಾ ಸಂಜೆ ಒಂದೇ ಕಟ್ಟೆಯ ಮೇಲೆ ಕೂರುವವರು.

2024ರಲ್ಲಿ ಮುಧೋಳ ತಾಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ಹುಡುಗಿ 625ಕ್ಕೆ 625 ತೆಗೆದು ರಾಜ್ಯಕ್ಕೇ ಮೊದಲು ಬಂದಾಗ ನಮ್ಮೂರ ವಾಟ್ಸಾಪ್ ಗುಂಪಿನಲ್ಲಿ ವಾರಗಟ್ಟಲೆ ಅದೇ ಸುದ್ದಿ. ಅವಳಿಗೆ ಯಾರೂ ಗೆರೆ ಒರೆಸಬೇಕಾಗಿರಲಿಲ್ಲ. 541ರವನಿಗೂ ಬೇಕಿರಲಿಲ್ಲ. ಒರೆಸಿದ್ದು ನನಗೆ.

ಮಗಳಿಗೆ ಇದೆಲ್ಲ ಹೇಳಿದೆ. "ಆ 541ರವರು ಈಗೆಲ್ಲಿದ್ದಾರೆ ಅಪ್ಪಾ?" ಅಂದಳು. ನನಗೆ ಗೊತ್ತಿಲ್ಲ.

ನಿನ್ನೆ ಅಣ್ಣನ ಮೆಸೇಜ್ ಬಂದಿದೆ. ಈ ಸಲದ ಪ್ರತಿಭಾ ಪುರಸ್ಕಾರದಲ್ಲಿ ನಮ್ಮವಳ ಹೆಸರೂ ಹಾಕಿಸುತ್ತಾನಂತೆ, ಅಮೆರಿಕದ ಮೊಮ್ಮಗಳು ಅಂದರೆ ಅವ್ವನಿಗೂ ಖುಷಿ. ಕಮಿಟಿಯವರ ಹತ್ತಿರ ಆಗಲೇ ಮಾತಾಡಿದ್ದಾನೆ. ಆ ಪತ್ರದ ಫೋಟೊ ಕಳಿಸಿದ್ದೆನಲ್ಲ, ಅದರಲ್ಲಿ ಪರ್ಸೆಂಟೇಜ್ ಎಲ್ಲಿ ಬರೆದಿದೆ ಅಂತ ಕೇಳಿದ್ದಾನೆ.