ಖ್ಯಾತ ಬಾಲನಟರ ತಂದೆ

ಸರ್ಕಾರ ತೊಗರಿಗೆ ಬೆಂಬಲ ಬೆಲೆ ಘೋಷಿಸಿ ಖರೀದಿ ಕೇಂದ್ರ ತೆರೆಯುವಷ್ಟರಲ್ಲಿ ರೈತ ಮಾಲು ಮಾರಿ ಮುಗಿಸಿರುತ್ತಾನೆ. ಕಲಬುರಗಿಯ ಇನ್ನೊಂದು ಬೆಳೆಗೆ ಈ ತಾಪತ್ರಯವಿಲ್ಲ. ಬಾಲನಟರಿಗೆ ಬೆಲೆ ಕಟ್ಟಲು ಮನೆಯಲ್ಲೇ ಅಪ್ಪ ಇರುತ್ತಾನೆ.

ನಮ್ಮ ಓಣಿಯ ನಟರನ್ನೇ ತೆಗೆದುಕೊಳ್ಳಿ. ಹೆಸರು ಬೇಡ, ಅವರ ವಿಸಿಟಿಂಗ್ ಕಾರ್ಡಿನಲ್ಲೇ ಅದು ಸಣ್ಣ ಅಕ್ಷರದಲ್ಲಿದೆ. ದಪ್ಪ ಅಕ್ಷರದಲ್ಲಿರುವುದು ‘ಖ್ಯಾತ ಬಾಲನಟರ ತಂದೆ’ ಎಂಬ ಹುದ್ದೆ. ಒಂದು ಕಾಲಕ್ಕೆ ಶರಣಬಸವೇಶ್ವರ ಜಾತ್ರೆಗೆ ಬಂದು ಡೇರೆ ಹಾಕುವ ನಾಟಕ ಕಂಪನಿಗಳಲ್ಲಿ ಇವರೇ ಹರಿಶ್ಚಂದ್ರ. ಕಂಠ ಚೆನ್ನಾಗಿತ್ತು, ಪಗಾರ ಚೆನ್ನಾಗಿರಲಿಲ್ಲ. ಮಾಲೀಕರು ಅರ್ಧ ಕೈಗಿಟ್ಟು ಉಳಿದದ್ದು ಮುಂದಿನ ಕ್ಯಾಂಪಿನಲ್ಲಿ ಎನ್ನುತ್ತಿದ್ದರು. ಆ ಮುಂದಿನ ಕ್ಯಾಂಪ್ ಇನ್ನೂ ಬಂದಿಲ್ಲ. ಹೀಗಿರುವಾಗ ಒಂದು ರಾತ್ರಿ ಲೋಹಿತಾಶ್ವನ ಪಾತ್ರದ ಹುಡುಗನಿಗೆ ಜ್ವರ ಬಂತು. ಇವರ ಹಿರಿಯ ಮಗನಿಗೆ ಬಣ್ಣ ಹಚ್ಚಿ ನಿಲ್ಲಿಸಿದರು. ಹಾವು ಕಚ್ಚಿ ಸತ್ತು ಮಲಗಿದ ಮಗುವಿನ ಅಂಗಿಗೆ ಜನ ಸಾಲುಗಟ್ಟಿ ಬಂದು ಪಿನ್ನು ಚುಚ್ಚಿ ನೋಟು ಸಿಕ್ಕಿಸಿದರು. ಸುಡುಗಾಡು ಕಾಯುತ್ತ ಚಂದ್ರಮತಿಯ ಹತ್ತಿರ ಹೆಣ ಸುಡುವ ತೆರಿಗೆ ಕೇಳುತ್ತಿದ್ದ ಹರಿಶ್ಚಂದ್ರ, ಮಾತು ತಪ್ಪದೆ, ತಾಳ ತಪ್ಪದೆ, ಕಣ್ಣಿನಲ್ಲೇ ಆ ನೋಟುಗಳನ್ನು ಎಣಿಸಿ ಮುಗಿಸಿದ. ಮರುದಿನದಿಂದ ಇವರು ಬಣ್ಣ ಹಚ್ಚಲಿಲ್ಲ.

ಪುರಾಣದ ಹರಿಶ್ಚಂದ್ರ ಮಗನನ್ನು ಮಾರಿದ್ದು ಒಂದೇ ಸಲ, ಅದೂ ಸಾಲ ತೀರಿಸಲು. ಇವರದು ಕಂತಿಗಿಷ್ಟು ಎಂಬ ಲೆಕ್ಕ. ಹಿರಿಯವನು ಧಾರಾವಾಹಿಗೆ, ಮಗಳು ರಿಯಾಲಿಟಿ ಷೋಗೆ, ಹಾಲುಹಲ್ಲು ಬೀಳದ ಕಿರಿಯವನು ಜಾಹೀರಾತಿಗೆ. ನಗುವುದಕ್ಕೆ ಒಂದು ದರ, ಅಳುವುದಕ್ಕೆ ಇನ್ನೊಂದು, ಗ್ಲಿಸರಿನ್ ಇಲ್ಲದೆ ಅತ್ತರೆ ಅದರ ಮೇಲಿಷ್ಟು. ಗ್ಲಿಸರಿನ್ ಇಲ್ಲದೆ ಅಳಿಸುವ ವಿದ್ಯೆ ಅಪ್ಪನಿಗೆ ಮಾತ್ರ ಗೊತ್ತು, ಅದು ವ್ಯಾಪಾರದ ಗುಟ್ಟು. ನಮ್ಮ ಭಾಗಕ್ಕೆ 371(ಜೆ) ವಿಧಿಯಡಿ ಶಿಕ್ಷಣದಲ್ಲಿ, ನೌಕರಿಯಲ್ಲಿ ಮೀಸಲಾತಿ ಇದೆಯಲ್ಲ, ಧಾರಾವಾಹಿಯಲ್ಲಿ ಏಕಿಲ್ಲ ಎಂದು ಒಮ್ಮೆ ಮನವಿಪತ್ರವನ್ನೂ ಕೊಟ್ಟು ಬಂದರು. ಇದ್ದೇ ಇದೆ ಸ್ವಾಮಿ. ಧಾರಾವಾಹಿಯ ಕಾವಲುಗಾರ, ಅಡುಗೆಯವಳು, ಕಳ್ಳ, ಎಲ್ಲರೂ ನಮ್ಮ ಕಡೆಯವರಂತೆಯೇ ಮಾತನಾಡುತ್ತಾರೆ.

ಮಕ್ಕಳ ದುಡಿಮೆಗೆ ಕಾನೂನು ಅಡ್ಡ ಬರುವುದಿಲ್ಲವೇ ಎಂದು ನೀವು ಕೇಳಬಹುದು. ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯ ಪ್ರಕಾರ 14 ತುಂಬದ ಮಗು ಹೋಟೆಲಿನಲ್ಲಿ ಲೋಟ ತೊಳೆಯುವಂತಿಲ್ಲ. ಸಿನಿಮಾ, ಧಾರಾವಾಹಿ, ಜಾಹೀರಾತಿನಲ್ಲಿ ಕಲಾವಿದನಾಗಿ ದುಡಿಯಬಹುದು, ಶಾಲೆಗೆ ತೊಂದರೆಯಾಗದಂತೆ. ಸರ್ಕಸ್ ಮಾತ್ರ ಕೂಡದು. ಇದನ್ನು ಬರೆದವರು ರಿಯಾಲಿಟಿ ಷೋ ನೋಡಿರಲಿಕ್ಕಿಲ್ಲ. 2017ರ ನಿಯಮಗಳು ಇನ್ನೂ ಅಚ್ಚುಕಟ್ಟು: ಚಿತ್ರೀಕರಣ ನಡೆಯುವ ಜಿಲ್ಲೆಯ ಮ್ಯಾಜಿಸ್ಟ್ರೇಟರ ಅನುಮತಿ ಬೇಕು, ದಿನಕ್ಕೆ ಐದೇ ಗಂಟೆ, ಬಿಡುವಿಲ್ಲದೆ ಮೂರು ಗಂಟೆಗಿಂತ ಹೆಚ್ಚು ಸಲ್ಲದು, ಒಂದೇ ಸಮನೆ 27 ದಿನ ದಾಟುವಂತಿಲ್ಲ. ಇದನ್ನೆಲ್ಲ ಓದಿ ಹೇಳಿದಾಗ ನಟರು ಕಿವಿಗೊಟ್ಟು ಕೇಳಿ, “ಐದು ಗಂಟೆಯಂತೆ! ಮೇಕಪ್ಪಿಗೇ ಅಷ್ಟು ಬೇಕಲ್ಲ ಕಾಕಾ” ಎಂದು ನಕ್ಕರು. ಗಳಿಕೆಯಲ್ಲಿ ಕನಿಷ್ಠ ಶೇ 20ರಷ್ಟನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿಗೆ ಠೇವಣಿ ಇಡಬೇಕು ಎಂದಾಗ ಮಾತ್ರ ನಗು ನಿಂತಿತು. ಆಮೇಲೆ ಅವರೇ ಸಮಾಧಾನ ಮಾಡಿಕೊಂಡರು: ಉಳಿದ ಎಂಬತ್ತರ ಬಗ್ಗೆ ನಿಯಮ ತುಟಿ ಬಿಚ್ಚಿಲ್ಲ.

ಜಾಕಿ ಕೂಗನ್‌ನ ಕಥೆಯನ್ನೂ ಹೇಳಿ ನೋಡಿದೆ. 1921ರಲ್ಲಿ ಚಾಪ್ಲಿನ್ ಜೊತೆ ನಟಿಸಿ ಲೋಕವನ್ನೇ ಅಳಿಸಿದ ಹುಡುಗ. ಅಪ್ಪ ರಂಗದ ಮೇಲೆ ಕುಣಿಯುತ್ತಿದ್ದವನು, ಮಗ ಗೆದ್ದ ಮೇಲೆ ಅವನ ವ್ಯವಹಾರ ನೋಡಿಕೊಂಡ. 1935ರಲ್ಲಿ ಅಪ್ಪ ಕಾರು ಅಪಘಾತದಲ್ಲಿ ತೀರಿಕೊಂಡ. ಹುಡುಗ ದೊಡ್ಡವನಾಗಿ ತನ್ನ ಗಳಿಕೆ ಎಲ್ಲಿ ಎಂದು ಕೇಳಿದರೆ, ತಾಯಿ, ಮಲತಂದೆ ಅದನ್ನು ಖರ್ಚು ಮಾಡಿ ಕೂತಿದ್ದರು. ಅಂದಿನ ಕ್ಯಾಲಿಫೋರ್ನಿಯಾದ ಕಾನೂನಿನಂತೆ ಮಗುವಿನ ದುಡಿಮೆ ಹೆತ್ತವರದೇ. 1938ರಲ್ಲಿ ಕೋರ್ಟಿಗೆ ಹೋದ ಅವನಿಗೆ ದಕ್ಕಿದ್ದು ಚೂರುಪಾರು, ಮುಂದಿನ ವರ್ಷ ಬಂದ ಕಾನೂನಿಗೆ ಅವನ ಹೆಸರು ಅಂಟಿತು. ನಟರು ಕಣ್ಣು ಒರೆಸಿಕೊಂಡು ಕೇಳಿದರು: “ಪಾಪ, ಆ ತಂದೆ ಇನ್ನೂ ನಾಲ್ಕು ವರ್ಷ ಬದುಕಿದ್ದರೆ ಎಷ್ಟು ಚೆನ್ನಾಗಿ ಮ್ಯಾನೇಜ್ ಮಾಡುತ್ತಿದ್ದರೋ!”

ಇದರ ಮೇಲೂ ಮಾತನಾಡಿದರೆ ಅವರ ಬಳಿ ಬ್ರಹ್ಮಾಸ್ತ್ರವಿದೆ. ಡಾ. ರಾಜ್‌ಕುಮಾರ್ ಬಾಲಕನಾಗಿ ತಂದೆಯ ಜೊತೆ ಗುಬ್ಬಿ ಕಂಪನಿಯಲ್ಲಿ ಬಣ್ಣ ಹಚ್ಚಲಿಲ್ಲವೇ ಎನ್ನುತ್ತಾರೆ. ಹಚ್ಚಿದರು, ನಿಜ. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ತಾವೂ ಹಚ್ಚುತ್ತಿದ್ದರು ಎಂಬ ಸಣ್ಣ ವ್ಯತ್ಯಾಸ ಇದೆ.

ಶಾಲೆಯ ವಿಚಾರ ಬೇಗ ಮುಗಿಯುತ್ತದೆ. ಹಾಜರಿ ಪುಸ್ತಕದಲ್ಲಿ ಹಿರಿಯವನು ಒಂದು ದಿನವೂ ತಪ್ಪಿಸಿಲ್ಲ. ಸಹಪಾಠಿಗಳು ಅವನನ್ನು ಕಣ್ಣಾರೆ ಕಂಡದ್ದು ವಾರ್ಷಿಕ ಸ್ನೇಹ ಸಮ್ಮೇಳನದಲ್ಲಿ, ಮುಖ್ಯ ಅತಿಥಿಯಾಗಿ. ‘ಚೆನ್ನಾಗಿ ಓದಿ’ ಎಂದು ಹೇಳಿ ಹೋದ.

ಇಷ್ಟು ಅರ್ಹತೆ ಇದ್ದ ಮೇಲೆ ಸರ್ಕಾರದ ಕಣ್ಣಿಗೆ ಬೀಳದೆ ಇರುತ್ತಾನೆಯೇ? ಜೂನ್ 12, ವಿಶ್ವ ಬಾಲಕಾರ್ಮಿಕ ವಿರೋಧಿ ದಿನ. ಇಲಾಖೆಯೊಂದಕ್ಕೆ ರಾಯಭಾರಿ ಬೇಕಾಗಿತ್ತು. ಹುಡುಗ ಹಿಂದಿನ ರಾತ್ರಿ ಹನ್ನೊಂದರ ತನಕ ಬೆಂಗಳೂರಿನಲ್ಲಿ ಚಿತ್ರೀಕರಣ ಮುಗಿಸಿ, ರಾತ್ರಿಯೆಲ್ಲ ಪ್ರಯಾಣ ಮಾಡಿ, ನೇರ ಎಸ್.ಎಂ. ಪಂಡಿತ ರಂಗಮಂದಿರಕ್ಕೆ ಬಂದಿಳಿದ. ಪಂಡಿತರು ಮುಂಬೈಯಲ್ಲಿ ಸಿನಿಮಾ ಪೋಸ್ಟರ್ ಬರೆದು ಅದನ್ನು ಕಲೆ ಎನ್ನಿಸಿದವರು. ಅವರ ಹೆಸರಿನ ಮಂದಿರದ ಮುಂದೆ ನಿಂತ ಫ್ಲೆಕ್ಸಿನಲ್ಲಿ ರಾಯಭಾರಿಯ ಮುಖ ಸಚಿವರ ಕಿವಿಯಷ್ಟಿತ್ತು. ಸಚಿವರು ಬರುವುದು ತಡವಾಗಿ ಹುಡುಗ ಮೂರೂವರೆ ಗಂಟೆ ಬಣ್ಣ ಹಚ್ಚಿಕೊಂಡೇ ಕೂತ. ನಿಯಮದಲ್ಲಿ ಸಚಿವರಿಗೆ ಕಾಯುವ ಅವಧಿಯ ಉಲ್ಲೇಖವಿಲ್ಲ. ಕೊನೆಗೆ ಮೈಕಿನ ಮುಂದೆ ನಿಂತು, ‘ನಮ್ಮ ಬಾಲ್ಯವನ್ನು ನಮಗೆ ಕೊಡಿ’ ಎಂದು ಗ್ಲಿಸರಿನ್ ಇಲ್ಲದೆ ಅತ್ತ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅಪ್ಪನಿಗೆ ‘ತ್ಯಾಗಮಯಿ ತಂದೆ’ ಎಂದು ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟರು.

ತಕರಾರು ಎದ್ದದ್ದು ಗೌರವಧನದ ಚೆಕ್ಕು ಬರೆಯುವಾಗ. ಲೆಕ್ಕಪತ್ರ ವಿಭಾಗದವರು ಕಡತ ತಡೆದರು: ಹುಡುಗನಿಗೆ ಇನ್ನೂ 13. ಮಾತನಾಡಿದ್ದಕ್ಕೆ ದುಡ್ಡು ಕೊಟ್ಟರೆ ಇಲಾಖೆಯೇ ಬಾಲಕಾರ್ಮಿಕನನ್ನು ನೇಮಿಸಿಕೊಂಡಂತೆ ಆಗುವುದಿಲ್ಲವೇ? ಆಕ್ಷೇಪ ಬಂದರೆ ಹೊಣೆ ಯಾರು? ಸಾಹೇಬರು ತಲೆ ಕೆರೆದುಕೊಂಡು, ಸಭೆ ಸೇರಿಸಿ, ಚಹಾ ತರಿಸಿ, ಸಂಜೆಯೊಳಗೆ ದಾರಿ ಹುಡುಕಿದರು. ಚೆಕ್ಕನ್ನು ತಂದೆಯ ಹೆಸರಿಗೆ ಬರೆದರು.

ನಟರು ಸಹಿ ಮಾಡಿ ಚೆಕ್ಕು ಪಡೆದು, ಎರಡೂ ಕೈ ಮುಗಿದು ಹೇಳಿದರಂತೆ: “ಸಾಹೇಬರೇ, ಬರುವ ಜೂನ್‌ಗೆ ಹಿರಿಯವನಿಗೆ 14 ದಾಟಿರುತ್ತದೆ, ಧ್ವನಿಯೂ ಒಡೆದಿರುತ್ತದೆ. ಈಗಲೇ ತಾರೀಖು ಬರೆದುಕೊಳ್ಳಿ, ಕಿರಿಯವನನ್ನು ಕಳುಹಿಸುತ್ತೇನೆ. ಅವನು ಇನ್ನೂ ಚೆನ್ನಾಗಿ ಅಳುತ್ತಾನೆ.”