ಬಿಗಿ ಮಾಡಿದವನು ಯಾರು?

ಬೈಕಿನ ಸರ್ವೀಸ್ ಕೈಪಿಡಿ ಬರೆಯುವವರು ಉಡುಪಿಯ ಕಡೆ ಒಂದು ಮಳೆಗಾಲವನ್ನೂ ಕಳೆದಿರಲಾರರು. ‘ಎರಡು ಸ್ಕ್ರೂಗಳನ್ನು ತೆಗೆಯಿರಿ’ ಎಂದು ಬರೆದು ನಿಶ್ಚಿಂತೆಯಿಂದ ಮುಂದಿನ ಸಾಲಿಗೆ ಹೋಗಿಬಿಡುತ್ತಾರೆ. ಆ ಎರಡು ಸಾಲುಗಳ ನಡುವೆ ನನ್ನದೊಂದು ಭಾನುವಾರ ಇಡಿಯಾಗಿ ಹೋಗಿದೆ.

ಕೆಲಸವೇನೂ ಘನವಾದದ್ದಲ್ಲ. ಮುಂದಿನ ಡಿಸ್ಕ್ ಬ್ರೇಕಿನ ಆಯಿಲ್ ಬದಲಿಸುವುದು. ಈ ಎಣ್ಣೆಗೆ ಗಾಳಿಯ ತೇವವನ್ನು ಹೀರುವ ಚಾಳಿ ಇದೆ. ನೀರು ಸೇರಿದಷ್ಟೂ ಅದು ಕಡಿಮೆ ಬಿಸಿಗೇ ಕುದಿಯುತ್ತದೆ, ಕುದಿದರೆ ಬ್ರೇಕು ಕೈಕೊಡುತ್ತದೆ. ಹಾಗಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಹ್ಯಾಂಡಲ್ ಮೇಲೊಂದು ಪುಟ್ಟ ಡಬ್ಬಿ, ಅದಕ್ಕೊಂದು ಮುಚ್ಚಳ, ಮುಚ್ಚಳಕ್ಕೆ ಎರಡು ಪ್ಲಸ್ ಸ್ಕ್ರೂ. ಮುಚ್ಚಳದ ಮೇಲೆ ಇಂಗ್ಲಿಷಿನ ಉಬ್ಬಕ್ಷರಗಳಲ್ಲಿ ಒಂದು ಅಪ್ಪಣೆ: ತೆಗೆಯುವ ಮೊದಲು ಮುಚ್ಚಳವನ್ನು ಶುಚಿಗೊಳಿಸಿ. ಶುಚಿಗೊಳಿಸಿದೆ. ಅದರಲ್ಲಿ ಯಾವ ತೊಂದರೆಯೂ ಆಗಲಿಲ್ಲ.

ಸ್ಕ್ರೂ ಮಾತ್ರ ಜಪ್ಪಯ್ಯ ಎಂದರೂ ಅಲುಗಲಿಲ್ಲ. ಡ್ರೈವರ್ ಕರಕ್ ಎಂದು ಎಗರಿ ಹೊರಬಂತು. ಬಗ್ಗಿ ನೋಡಿದರೆ ಸ್ಕ್ರೂ ತಲೆಯ ಅಂಚಿನ ಸುತ್ತ ಅಲ್ಯೂಮಿನಿಯಂ ಹೂವು ಬಿಟ್ಟಂತೆ ಬಿಳಿ ಪುಡಿ. ಉಕ್ಕಿನ ಸ್ಕ್ರೂ, ಅಲ್ಯೂಮಿನಿಯಂ ಡಬ್ಬಿ, ನಡುವೆ ಕಡಲಿನ ಉಪ್ಪುನೀರು. ಈ ಮೂರೂ ಸೇರಿದರೆ ಅಲ್ಯೂಮಿನಿಯಂ ಸವೆಯುತ್ತ ಹೋಗಿ, ಉಳಿದ ಪುಡಿಯೇ ಸ್ಕ್ರೂವನ್ನು ಕಚ್ಚಿ ಹಿಡಿಯುತ್ತದೆ. ಇಷ್ಟು ರಸಾಯನಶಾಸ್ತ್ರ ನನಗೂ ಗೊತ್ತು. ಆದರೆ ಸ್ಕ್ರೂ ಬಿಚ್ಚದೆ ಇರುವಾಗ ಮನುಷ್ಯನಿಗೆ ಬೇಕಾಗುವುದು ಕಾರಣವಲ್ಲ, ಬೈಯಲು ಒಬ್ಬ ವ್ಯಕ್ತಿ. ಇದನ್ನು ಬಿಗಿ ಮಾಡಿದ ಪುಣ್ಯಾತ್ಮ ಯಾರು? ಯಾವುದೋ ಗ್ಯಾರೇಜಿನಲ್ಲಿ, ಯಾವುದೋ ಬೆಳಿಗ್ಗೆ, ಹೊಟ್ಟೆ ತುಂಬ ತಿಂದುಬಂದ ಹುಡುಗನೊಬ್ಬ ಭುಜದ ಬಲವನ್ನೆಲ್ಲ ಈ ಗುಬ್ಬಿಯಂತಹ ಸ್ಕ್ರೂಗೆ ಧಾರೆಯೆರೆದಿದ್ದಾನೆ. ಅವನ ಮುಖ ನಾನು ಕಂಡಿಲ್ಲ. ಆದರೂ ಆ ದಿನ ಅವನೊಡನೆ ಮಾತಾಡಿದಷ್ಟು ಮನೆಯವರೊಡನೆ ಮಾತಾಡಿಲ್ಲ.

ಸದ್ದು ಕೇಳಿ ಮಾವನವರು ಜಗಲಿಗೆ ಬಂದರು. ಮೈಸೂರಿನವರು, ಐಡಿಯಲ್ ಜಾವಾ ಕಾರ್ಖಾನೆ ನಡೆಯುತ್ತಿದ್ದ ಕಾಲದವರು, ಅಲ್ಲಿ ತಯಾರಾಗುತ್ತಿದ್ದ ಯೆಜ್ಡಿ ಬೈಕ್ ಓಡಿಸಿದವರು. ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಅವರ ಯೆಜ್ಡಿ ಮಾತಿನಲ್ಲಿ ಇಂದಿಗೂ ಸ್ಟಾರ್ಟ್ ಆಗಿಯೇ ಇರುತ್ತದೆ.

“ಮೊದಲು ಸ್ವಲ್ಪ ಬಿಗಿ ಮಾಡಿ ಅಳಿಯಂದಿರೇ, ಆಮೇಲೆ ಬಿಚ್ಚಿ” ಎಂದರು.

ಬಿಚ್ಚದ ಸ್ಕ್ರೂವನ್ನು ಇನ್ನಷ್ಟು ಬಿಗಿ ಮಾಡಬೇಕಂತೆ! ನಕ್ಕುಬಿಡೋಣ ಅನ್ನಿಸಿತು. ಆದರೆ ಮಾತು ನಿಜ. ಯಾವ ಕಡೆಗಾದರೂ ಸರಿ, ಕೂದಲೆಳೆಯಷ್ಟು ಅಲುಗಿದರೆ ಸಾಕು, ತುಕ್ಕಿನ ಹಿಡಿತ ಒಡೆಯುತ್ತದೆ. ಡ್ರೈವರನ್ನು ನೇರವಾಗಿ ಕೂರಿಸಿ ಹಿಡಿಯ ಮೇಲೆ ಸುತ್ತಿಗೆಯಿಂದ ಮೆಲ್ಲಗೆ ಕುಟ್ಟುವುದೂ ಅದಕ್ಕೇ. ಇನ್ನೊಂದು ಸೂಕ್ಷ್ಮವಿದೆ. ಜಪಾನ್ ಮೂಲದ ಬೈಕುಗಳ ಪ್ಲಸ್ ಸ್ಕ್ರೂ ನೋಡಲು ಮಾಮೂಲಿ ಪ್ಲಸ್ ಸ್ಕ್ರೂ, ಅಂದರೆ ಫಿಲಿಪ್ಸ್‌ನಂತೆಯೇ ಕಂಡರೂ ಅದರ ಗುಳಿಯ ಆಕಾರ ಬೇರೆ. ತಲೆಯ ಮೇಲೆ ಒಂದು ಚುಕ್ಕಿ ಇದ್ದರೆ ಅದು ಜಪಾನಿ ಅಳತೆಯದು. ಮಾಮೂಲಿ ಡ್ರೈವರಿನ ತುದಿ ಅದರಲ್ಲಿ ತಳಮುಟ್ಟಿ ಕೂರುವುದಿಲ್ಲ, ಜಾರುತ್ತದೆ, ಗುಳಿಯನ್ನು ಬಟ್ಟಲು ಮಾಡುತ್ತದೆ. ನನ್ನ ಸ್ಕ್ರೂ ಮೇಲೆ ಚುಕ್ಕಿ ಇತ್ತು. ಕೈಯಲ್ಲಿ ಇದ್ದದ್ದು ಸಂತೆಯ ಡ್ರೈವರ್.

ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿದ್ದೂ ಆಗಿತ್ತು. ಆ ಎಣ್ಣೆ, ಡಬ್ಲ್ಯುಡಿ-40, ಹುಟ್ಟಿದ್ದು 1953ರಲ್ಲಿ, ಅಮೆರಿಕದಲ್ಲಿ. ಮೊದಮೊದಲು ಅದನ್ನು ಬಳಸಿದ್ದು ಅಟ್ಲಾಸ್ ಕ್ಷಿಪಣಿಯ ಹೊರಮೈಗೆ ತುಕ್ಕು ಹಿಡಿಯದಂತೆ ಕಾಯಲು. ಅಂದರೆ ಅದು ರೋಗ ಬರುವ ಮೊದಲು ಹಚ್ಚಬೇಕಾದ ಮದ್ದು. ರೋಗ ಬಂದಮೇಲೆ ಹಚ್ಚಿದರೆ ಒಂದು ರಾತ್ರಿಯಾದರೂ ಬಿಡಬೇಕು. ಇಂತಹ ಎಣ್ಣೆ ಹಾಕಿ ಒಂದು ರಾತ್ರಿ ಕಾದ ಮನುಷ್ಯನನ್ನು ನಾನಿನ್ನೂ ನೋಡಿಲ್ಲ. ಎಲ್ಲರೂ ಕಾಯುವುದು ಕೈ ಒರೆಸಿಕೊಳ್ಳುವಷ್ಟು ಹೊತ್ತು.

ಅಷ್ಟರಲ್ಲಿ ಒಳಗಿನಿಂದ ಹೆಂಡತಿ ಬಂದಳು. “ರೀ, ಉಪ್ಪಿನಕಾಯಿ ಬಾಟಲಿಯ ಮುಚ್ಚಳ ಹೇಗೆ ತೆಗೆಯುತ್ತೇವೆ?” ಎಂದು ಕೇಳಿದಳು. ಉತ್ತರಕ್ಕೆ ಕಾಯಲಿಲ್ಲ. ಕುದಿಯುವ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಇಕ್ಕಳದಲ್ಲಿ ಹಿಡಿದು ಡಬ್ಬಿಯ ಸುತ್ತ ಸುತ್ತಿದಳು. ಬ್ರೇಕ್ ಆಯಿಲ್ ಬಿದ್ದರೆ ಬಣ್ಣ ಕಿತ್ತು ಬರುತ್ತದೆಂದು ಟ್ಯಾಂಕಿನ ಮೇಲೆ ನನ್ನ ಹೊಸ ಟವೆಲನ್ನೂ ಒದ್ದೆ ಮಾಡಿ ಹಾಸಿದಳು. ಹಳೆಯದು ಪಕ್ಕದಲ್ಲೇ ಇತ್ತು. ಒಂದೇ ಬಿಸಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ ಎಂದು ನಾನು ವಿವರಿಸತೊಡಗಿದೆ. ಯಾರೂ ಕಿವಿಗೊಡಲಿಲ್ಲ.

ಮಾವನವರು ತುಸು ಬಿಗಿ ಮಾಡಿದರು, ಕುಟ್ಟಿದರು, ತಿರುಗಿಸಿದರು. ಟಕ್ ಎಂದು ಸಣ್ಣ ಸದ್ದು. ಒಂದು ಬಿಟ್ಟಿತು. ಇನ್ನೊಂದರ ಗುಳಿ ಆಗಲೇ ಬಟ್ಟಲಾಗಿತ್ತು. ಸಣ್ಣ ಉಳಿಯನ್ನು ತಲೆಯ ಅಂಚಿಗೆ ಓರೆಯಾಗಿ ಕೊಟ್ಟು ಎಡಕ್ಕೆ ಬಡಿಯುತ್ತ ಬಡಿಯುತ್ತ ಅದನ್ನೂ ಎಬ್ಬಿಸಬೇಕಾಯಿತು. ಒಳಗಿನ ಎಣ್ಣೆ ಕಾಫಿ ಬಣ್ಣಕ್ಕೆ ತಿರುಗಿತ್ತು. ಮಾವನವರಿಗೆ ಕಾಫಿಯ ನೆನಪಾದದ್ದೂ ಆಗಲೇ.

ಹೊಸ ಎಣ್ಣೆ ತುಂಬಿ, ಪೇಟೆಯಿಂದ ತಂದ ಸ್ಟೇನ್‌ಲೆಸ್ ಅಲೆನ್ ಸ್ಕ್ರೂಗಳ (ತಲೆಯಲ್ಲಿ ಆರು ಮೂಲೆಯ ಗುಳಿ ಇರುವಂಥವು) ಎಳೆಗೆ ಗ್ರೀಸ್ ಸವರಿ ಕೂರಿಸಿದೆ. ಇವುಗಳಿಗೆ ಒಂದೂವರೆ ನ್ಯೂಟನ್ ಮೀಟರಿನ ಆಸುಪಾಸು ಬಿಗಿ ಸಾಕು, ಎರಡು ಬೆರಳಿನ ಕೆಲಸ. ಅಷ್ಟೇ ಮಾಡಿ ಅಲೆನ್ ಕೀಲಿ ಕೆಳಗಿಟ್ಟೆ. ಮಾವನವರು ಲೋಟ ಬದಿಗಿಟ್ಟು ಕೀಲಿ ಎತ್ತಿಕೊಂಡರು.

“ಬ್ರೇಕಿನ ವಿಷಯ ನೋಡಿ, ಇನ್ನೊಂದು ಚೂರು ಇರಲಿ” ಎಂದು ಹಲ್ಲು ಕಚ್ಚಿ, ಕಿರ್ರೆನ್ನುವ ತನಕ ತಿರುಗಿಸಿದರು. ಎರಡಕ್ಕೂ.

ಎರಡು ವರ್ಷ ಕಳೆದಮೇಲೆ ಮತ್ತೆ ಬಿಚ್ಚಬೇಕು. ಆಗ ಹಿಡಿಶಾಪ ಹಾಕುವ ಸೌಲಭ್ಯವೂ ನನಗಿರುವುದಿಲ್ಲ. ಬಿಗಿ ಮಾಡಿದವರು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಸಲಹೆ ಕೊಡುತ್ತಿರುತ್ತಾರೆ.